ಮೂತಿಹುಳಗಳಿಗೆ ಊಟಕ್ಕಿಟ್ಟ ಊರು

ನಮ್ಮೂರು ತೇಲುವುದನ್ನು ನಿಲ್ಲಿಸಿದ ವರ್ಷ ನನ್ನ ಕಥೆಗಳೆಲ್ಲ ಹಳಸಿಹೋದವು. ಅದಕ್ಕೆ ಮೊದಲು ನನ್ನಂಥ ಮಾತುಗಾರ ಈ ಕೆರೆಯ ಮೇಲೆ ಹುಟ್ಟಿರಲಿಲ್ಲ, ಇನ್ನು ಮುಂದೆ ಹುಟ್ಟುವ ಲಕ್ಷಣವೂ ಕಾಣುವುದಿಲ್ಲ. ಇದನ್ನು ನಾನೇ ಹೇಳಿಕೊಳ್ಳಬೇಕಾಗಿ ಬಂದಿರುವುದು ಊರಿನ ದೌರ್ಭಾಗ್ಯ. ಹೇಳಬೇಕಾದವರು ಹೇಳುವುದಿಲ್ಲ, ಏನು ಮಾಡುವುದು?

ಊರು ಅಂತರಗಂಗೆಯ ಮೇಲಿದೆ. ದಪ್ಪ ದಂಟಿನ, ನೇರಳೆ ಹೂವಿನ, ಬೇರಿಗೆ ಬೇರು ತಬ್ಬಿಕೊಂಡು ಹಬ್ಬುವ ಆ ಕಳೆಯ ಮೇಲೆ ನಮ್ಮ ಮನೆಗಳು, ಎಮ್ಮೆಗಳು, ಗರಡಿಮನೆ, ಹಿಟ್ಟಿನ ಗಿರಣಿ ಎಲ್ಲವೂ ಕೂತಿವೆ. ಗಾಳಿ ಎದ್ದರೆ ಒಂದೊಂದು ಮನೆಯೂ ತನ್ನ ಕಾಲ ಕೆಳಗಿನ ಹಸಿರು ಹಾಸಿನ ಸಮೇತ ಹೊರಟುಬಿಡುತ್ತಿತ್ತು. ಮೂಡಣ ಗಾಳಿಗೆ ಕುಂಬಾರರು ಬಂದು ಪಕ್ಕದಲ್ಲಿ ನಿಂತರೆ ಪಡುವಣ ಗಾಳಿಗೆ ಅವರು ಹೋಗಿ ಗಾಣಿಗರು ಬರುತ್ತಿದ್ದರು. ಅಂಚೆಯವನು ವಿಳಾಸ ಓದುವ ಮೊದಲು ತೋಳು ಎತ್ತಿ ಗಾಳಿ ನೋಡುತ್ತಿದ್ದ. ನೆರೆಯವರ ಜೊತೆ ಜಗಳ ನಡೆದಿರುವಾಗಲೇ ಗಾಳಿ ಬಂದರೆ ಮಿಕ್ಕ ಬೈಗುಳವನ್ನು ಕೂಗಿ ಮುಗಿಸಬೇಕಾಗುತ್ತಿತ್ತು. ದೂರವಾದಂತೆ ಮಾತು ಕೇಳಿಸದೆ, ಕೈ ಮಾತ್ರ ಕಂಡು, ಇಬ್ಬರೂ ಒಬ್ಬರನ್ನೊಬ್ಬರು ಪ್ರೀತಿಯಿಂದ ಬೀಳ್ಕೊಡುತ್ತಿರುವಂತೆ ತೋರುತ್ತಿತ್ತು. ನಮ್ಮೂರಿನಲ್ಲಿ ಯಾರಿಗೂ ಕಾಯಂ ಶತ್ರುಗಳು ಇರಲಿಲ್ಲ ಎಂದು ಹೊರಗಿನವರು ಹೊಗಳುತ್ತಿದ್ದರು. ನಿಜ ಹೇಳಬೇಕೆಂದರೆ ಶತ್ರುವನ್ನು ಸಾಕಿ ಬೆಳೆಸುವಷ್ಟು ಹೊತ್ತು ಯಾವ ಗಾಳಿಯೂ ನಮಗೆ ಕೊಟ್ಟಿರಲಿಲ್ಲ.

ನನ್ನಂಥವನಿಗೆ ಇದು ಸ್ವರ್ಗ. ಬೆಳಗಾದರೆ ಕಟ್ಟೆಯ ಎದುರು ಹೊಸ ಮುಖ, ಹೊಸ ಕಿವಿ. ನಾನು ದೋಣಿಯಷ್ಟು ಉದ್ದದ ಬಾಳೆಮೀನನ್ನು ಬರಿಗೈಯಲ್ಲಿ ಹಿಡಿದ ಕಥೆಯನ್ನು ಕೆರೆಯ ಮೇಲಿನ ಪ್ರತಿ ಮನೆಗೂ ಹೊಸದಾಗಿಯೇ ಹೇಳಿದ್ದೇನೆ. ಪ್ರತಿ ಗಾಳಿಗೂ ಆ ಮೀನು ಒಂದು ಮೊಳ ಬೆಳೆದಿದೆ. ಮದುವೆ ಮಾತ್ರ ಆಗಲಿಲ್ಲ. ಹೆಣ್ಣಿನವರು ಒಪ್ಪಿ ತಾಂಬೂಲಕ್ಕೆ ಕೈ ಚಾಚುವಷ್ಟರಲ್ಲಿ ಅವರ ಮನೆ ತೇಲಿಹೋಗುತ್ತಿತ್ತು. ನಾನು ಅದನ್ನು ಗಾಳಿಯ ತಪ್ಪು ಎಂದೇ ಭಾವಿಸಿದ್ದೇನೆ.

ನನ್ನ ಕಸುಬು ಹೆಣಿಗೆ, ಜೊತೆಗೆ ಮನೆಗಳ ಅಡಿಗೆ ಒಣದಂಟು ಹಾಸುವುದು. ಎರಡು ಮನೆಗಳ ಹಾಸು ಬಂದು ತಾಗಿದಾಗ ನಡುವೆ ಸಂದಿ ಉಳಿಯುತ್ತದಲ್ಲ, ಅದರಲ್ಲಿ ಕರುವೋ ಕೂಸೋ ಕಾಲು ಹಾಕಬಾರದೆಂದು ಅಂತರಗಂಗೆಯ ಒಣಗಿದ ದಂಟುಗಳನ್ನು ಜಡೆಯಂತೆ ಹೆಣೆದು ಎರಡನ್ನೂ ಕೂಡಿಸುತ್ತೇವೆ. ಗಾಳಿ ಬಂದು ಬೇರೆಯಾಗುವಾಗ ಅದನ್ನು ಬಿಚ್ಚಬೇಕು. ಕತ್ತರಿಸುವಂತಿಲ್ಲ, ಒಬ್ಬರೇ ಬಿಚ್ಚುವಂತೆಯೂ ಇಲ್ಲ. ಎರಡೂ ಮನೆಯವರು ತಂತಮ್ಮ ತುದಿಗೆ ಕೂತು, ಎದುರಿನವರ ಬಗ್ಗೆ ಒಂದು ಒಳ್ಳೆಯ ಮಾತು ಹೇಳಿ, ಆಮೇಲೆ ಗಂಟಿಗೆ ಕೈ ಹಚ್ಚಬೇಕು. ಹೇಳದೆ ಬಿಚ್ಚಿದವರ ಮನೆ ಮುಳುಗುತ್ತದಂತೆ. ಪರೀಕ್ಷೆ ಮಾಡಿ ನೋಡಿದವರು ಯಾರೂ ಇಲ್ಲ. ಜನ ‘ನಿಮ್ಮ ನಾಯಿ ಬಾಳ ಚಲೋ ಬೊಗಳತೈತ್ರಿ’ ಎಂದೋ, ‘ನಿಮ್ಮ ಮನಿ ಹೊಗಿ ನಮ್ಮ ಕಡೆ ಬರಲಿಲ್ಲರಿ’ ಎಂದೋ ಹೇಳಿ ಮುಗಿಸುತ್ತಿದ್ದರು. ಅಷ್ಟು ಸಾಕಾಗುತ್ತಿತ್ತು. ಕೆರೆಯ ಮೇಲೆ ನನ್ನಷ್ಟು ಬಿಗಿಯಾಗಿ ಹೆಣೆಯುವವರು ಯಾರೂ ಇಲ್ಲ. ನನ್ನ ಹೆಣಿಗೆಯನ್ನು ಆನೆ ಎಳೆದರೂ ಅದು ಬಿಡುವುದಿಲ್ಲ ಎಂದು ನಾನು ಎಲ್ಲರಿಗೂ ಹೇಳುತ್ತಿದ್ದೆ.

ಹೀಗಿರುವಾಗ ಅಂತರಗಂಗೆ ಬೆಳೆದೂ ಬೆಳೆದೂ ಕೆರೆಯ ಅಂಚಿನಿಂದ ಅಂಚಿಗೆ ತುಂಬಿಕೊಂಡಿತು. ಗಾಳಿ ಬಂತು, ಹೋಯಿತು. ಯಾರ ಮನೆಯೂ ಅಲುಗಲಿಲ್ಲ. ಎಲ್ಲಿದ್ದವರು ಅಲ್ಲೇ ಸಿಕ್ಕಿಕೊಂಡರು. ಎಂದೂ ಬಾರದ ಸಂಗತಿ ಬಂತು: ನಿನ್ನೆಯ ನೆರೆಯವರೇ ಇವತ್ತೂ ನೆರೆಯವರು. ಮೊದಲ ತಿಂಗಳು ಜನ ಅದನ್ನು ಸ್ನೇಹ ಎಂದುಕೊಂಡರು. ಆಮೇಲೆ ಒಬ್ಬರ ಕೆಮ್ಮು ಒಬ್ಬರಿಗೆ ಕೇಳಿಸತೊಡಗಿತು.

ನನ್ನ ಪಕ್ಕಕ್ಕೆ ಸಿಕ್ಕಿಕೊಂಡವಳು ಗುರಸಿದ್ದವ್ವ.

ಗುರಸಿದ್ದವ್ವ ಒಣಮೀನು ಮಾಡುವವಳು. ಗಂಡ ತೀರಿಕೊಂಡು ಎಷ್ಟೋ ಗಾಳಿ ಕಳೆದಿವೆ. ನನಗಿಂತ ಹಿರಿಯಳು, ಯಕ್ಕಾ ಎಂದೇ ಕರೆಯುತ್ತೇನೆ. ಅವಳ ಮನೆ ಹಗುರ, ಸಣ್ಣ ಗಾಳಿಗೂ ಹೊರಡುತ್ತಿತ್ತು, ಹಾಗಾಗಿ ಅದು ಕೆರೆಯ ಮೇಲಿನ ಎಲ್ಲ ಮನೆಗಳ ಪಕ್ಕಕ್ಕೂ ನಿಂತು ಬಂದಿದೆ. ಅವಳು ಎಲ್ಲವನ್ನೂ ನೋಡಿದ್ದಾಳೆ. ನೋಡಿದರೆ ಚಿಂತೆಯಿಲ್ಲ, ನೆನಪಿಟ್ಟಿದ್ದಾಳೆ. ಅದಕ್ಕಿಂತ ದೊಡ್ಡ ಪೀಡೆ, ಅವಳು ಸುಳ್ಳು ಹೇಳುವುದಿಲ್ಲ. ಹೆಣಿಗೆ ಬಿಚ್ಚುವಾಗ ಕೂಡ ನಿಜವಾದ ಒಳ್ಳೆಯ ಮಾತೇ ಬೇಕೆಂದು ಹುಡುಕುತ್ತ ಕೂರುತ್ತಿದ್ದಳು. ಅವಳು ಹುಡುಕಿ ಮುಗಿಸುವವರೆಗೆ ಪಾಪ ಗಾಳಿ ಕಾಯುತ್ತಿತ್ತು.

ನಾನು ಕಟ್ಟೆಯ ಮೇಲೆ ಕೂತು ನಾಲ್ಕು ಜನರಿಗೆ ಬಾಳೆಮೀನಿನ ಕಥೆ ತೆಗೆದರೆ ಆಚೆಯಿಂದ ಧ್ವನಿ ಬರುತ್ತಿತ್ತು:

“ಗೇಣುದ್ದ ಇತ್ತು. ನಾನ ಹುರದಿದ್ದೆ.”

ನನ್ನ ಹೆಣಿಗೆಯನ್ನು ಆನೆ ಎಳೆದ ಕಥೆಗೆ ಬಂದರೆ, “ಎಮ್ಮಿ ಅದು. ಅದೂ ಮುದಿ ಎಮ್ಮಿ. ಎಳೀಲೂ ಇಲ್ಲ, ಮೈ ತುರಸಿಕೊಂತು.”

ಸಿಟ್ಟಿನಿಂದ ಹೇಳುತ್ತಿರಲಿಲ್ಲ. ಮೀನಿನ ಪೊರೆ ಕೆರೆಯುತ್ತ, ತಲೆ ಕೂಡ ಎತ್ತದೆ, ಅನ್ನದಲ್ಲಿ ಸಿಕ್ಕ ಕಲ್ಲು ತೆಗೆದಿಟ್ಟಂತೆ ತೆಗೆದಿಡುತ್ತಿದ್ದಳು. ಜನ ನಕ್ಕು ಎದ್ದುಹೋಗುತ್ತಿದ್ದರು. ಆಮೇಲೆ ಬರುವುದನ್ನೇ ಬಿಟ್ಟರು. ಅವರಾದರೂ ಎಷ್ಟು ಸಲ ಕೇಳಿಯಾರು? ಅಕ್ಕಪಕ್ಕದ ಮನೆಗಳವರಿಗೆ ನನ್ನ ಕಥೆಗಳೆಲ್ಲ ಬಾಯಿಪಾಠ. ಕೆರೆಯ ಆಚೆ ದಂಡೆಗೆ ನನ್ನ ಬಾಳೆಮೀನಿನ ಹೆಸರೇ ಕೇಳದ ಒಂದು ಹೊಸ ಪೀಳಿಗೆ ಹುಟ್ಟಿ ಬೆಳೆಯುತ್ತಿತ್ತು, ನಾನಿಲ್ಲಿ ಸಿಕ್ಕಿಕೊಂಡಿದ್ದೆ. ಗುರಸಿದ್ದವ್ವನಿಂದ ಬಿಡುಗಡೆಯಾಗದಿದ್ದರೆ ನಾನು ನಿಜ ಹೇಳುವ ಮನುಷ್ಯನಾಗಿ ಸಾಯುವ ಅಪಾಯವಿತ್ತು.

ಅಂಥ ಹೊತ್ತಿನಲ್ಲಿ ಡಾಕ್ಟರ್ ಅಂಬುಜಾಕ್ಷಿ ಬಂದರು. ಡಾಕ್ಟರಬಾಯಿ ಬಂದಾರೆಂದು ಸುದ್ದಿಯಾಗಿ ಊರಿಗೆ ಊರೇ ನಾಲಿಗೆ ಹೊರಚಾಚಿ ಸಾಲುಗಟ್ಟಿತು. ತಾನು ಹುಳಗಳ ಡಾಕ್ಟರ್ ಎಂದು ಅವರು ವಿವರಿಸಿದರು. ಆಗ ಸಾಲಿನಲ್ಲಿದ್ದವರಲ್ಲಿ ಅರ್ಧ ಜನ ನಾಲಿಗೆ ಒಳಗೆಳೆದುಕೊಂಡು ತಂತಮ್ಮ ಜೋಳದ ಡಬ್ಬಿ ತರಲು ಮನೆಗೆ ಓಡಿದರು. ನಮ್ಮ ಡಬ್ಬಿಗಳಲ್ಲಿ ಜೋಳಕ್ಕಿಂತ ಮೂತಿಹುಳವೇ ಹೆಚ್ಚು. ಆನೆಯ ಸೊಂಡಿಲನ್ನು ಸಾಸಿವೆ ಕಾಳಿಗೆ ಅಂಟಿಸಿದಂತಿರುವ ಆ ಹುಳ ಕಾಳಿಗೆ ತೂತು ಕೊರೆದು, ಒಳಗೆ ಮೊಟ್ಟೆಯಿಟ್ಟು, ಬಾಗಿಲು ಮುಚ್ಚಿ ಹೋಗುತ್ತದೆ. ಮರಿ ಒಳಗೆ ಕೂತು ಇಡೀ ಕಾಳು ತಿಂದು, ಸಿಪ್ಪೆಯನ್ನು ನಮಗೆ ಬಿಟ್ಟು, ದೊಡ್ಡದಾಗಿ ಹೊರಬರುತ್ತದೆ. ಇಷ್ಟು ಶಿಸ್ತಿನ ಸಂಸಾರ ನಮ್ಮೂರಿನ ಯಾವ ಮನೆಯಲ್ಲೂ ಇಲ್ಲ.

ಡಾಕ್ಟರಬಾಯಿ ತಮ್ಮ ಪೆಟ್ಟಿಗೆ ತೆಗೆದು ತೋರಿಸಿದರು. ಒಳಗೆ ಕೆಸರು ಬಣ್ಣದ, ಜೋಳದ ಕಾಳಿನಷ್ಟು ದಪ್ಪದ ಹುಳಗಳು. ಅವಕ್ಕೂ ಅದೇ ಬಾಗಿದ ಮೂತಿ. ಮೂತಿಹುಳಗಳ ವಂಶ ದೊಡ್ಡದು ಎಂದು ಅವರು ಹೇಳಿದರು: ಕೆಲವು ಕಾಳು ತಿನ್ನುತ್ತವೆ, ಕೆಲವು ತೆಂಗಿನ ಸುಳಿ ಕೊರೆಯುತ್ತವೆ, ಕೆಲವು ಮಾವಿನ ಓಟೆಯೊಳಗೆ ಮನೆ ಮಾಡುತ್ತವೆ. ಎಲ್ಲರೂ ಶಪಿಸುವ ಆ ವಂಶದಲ್ಲೇ ಇವೂ ಹುಟ್ಟಿವೆ, ಆದರೆ ಇವು ಅಂತರಗಂಗೆ ಬಿಟ್ಟರೆ ಬೇರೇನನ್ನೂ ಮುಟ್ಟುವುದಿಲ್ಲ. ಈ ಕಳೆ ನಮ್ಮದಲ್ಲ, ಸಮುದ್ರದಾಚೆಯದು. ಯಾರೋ ಹೂ ಚಂದವಿದೆ ಎಂದು ತಂದರು, ಅದನ್ನು ತಿನ್ನುವವರನ್ನು ಅಲ್ಲೇ ಬಿಟ್ಟು ಬಂದರು. ಹಾಗಾಗಿ ಕೆರೆ ಉಸಿರು ಕಟ್ಟಿದೆ. ಇವನ್ನು ಬಿಟ್ಟರೆ ಕಳೆ ಹದಕ್ಕೆ ಬರುತ್ತದೆ. ಪ್ರಯೋಗಶಾಲೆಯಲ್ಲಿ ಇವುಗಳ ಎದುರು ಭತ್ತ, ಬಾಳೆ, ಎಲೆಕೋಸು, ಬದನೆ ಎಲ್ಲ ಇಟ್ಟು ನೋಡಿದ್ದಾರೆ. ಉಪವಾಸ ಸತ್ತವಂತೆ, ಬಾಯಿ ಹಾಕಲಿಲ್ಲವಂತೆ. ಇಷ್ಟು ಕಟ್ಟುನಿಟ್ಟಾದ ವ್ರತ ಕೇಳಿ ನಮ್ಮ ಪೂಜಾರಿಗಳು ಬೇರೆ ಕಡೆ ನೋಡಿದರು.

ಊರಿನ ಹಿರಿಯ ಬಾಳಗೌಡರು ಎಲ್ಲ ಕೇಳಿ, ಮೀಸೆ ಸವರಿ, ತಮ್ಮ ಕಾಲ ಕೆಳಗೆ ಬೆರಳು ತೋರಿಸಿದರು.

“ಬಾಯಾರ, ತಪ್ಪು ತಿಳ್ಕೋಬ್ಯಾಡ್ರಿ. ನಾವು ಕುಂತಿರೋದು ಅದರ ಮ್ಯಾಲ.”

ಡಾಕ್ಟರಬಾಯಿ ಆಗ ಮೊದಲ ಸಲ ಕೆಳಗೆ ನೋಡಿದರು. ಇಲಾಖೆಯ ನಕ್ಷೆಯಲ್ಲಿ ಕೆರೆಯಿತ್ತು, ಕಳೆಯೂ ಇತ್ತು. ಊರು ಮಾತ್ರ ಇರಲಿಲ್ಲ. ಇದ್ದಕಡೆ ಇರದ ಊರನ್ನು ನಕ್ಷೆಯವರಾದರೂ ಎಲ್ಲಿ ಬರೆದಾರು?

ಸಭೆ ಸೇರಿತು. ಸಭೆಯ ತೀರ್ಮಾನ ನಮ್ಮೂರಿನ ಬುದ್ಧಿವಂತಿಕೆಗೆ ತಕ್ಕಂತಿತ್ತು. ಒಂದು, ಹುಳವನ್ನು ಬಿಡಕೂಡದು. ಅದು ಊರನ್ನೇ ತಿನ್ನುತ್ತದೆ. ಎರಡು, ಊರಿಗೆ ಬಂದ ಅತಿಥಿಯನ್ನು ಹಸಿದಿರಲು ಬಿಡಕೂಡದು, ಅದು ತಾತಮುತ್ತಾತಂದಿರ ಪದ್ಧತಿ; ಹುಳವೂ ಬಂದ ಅತಿಥಿಯೇ. ಅತಿಥಿ ತಿನ್ನುವುದು ಅಂತರಗಂಗೆ ಮಾತ್ರ. ಆದ್ದರಿಂದ ಯಾರಾದರೂ ಒಬ್ಬರು ತಮ್ಮ ಮನೆಯಂಗಳದಲ್ಲಿ ಅದಕ್ಕೆ ಮಾನವಾಗಿ ಉಣ್ಣಲು ಬಡಿಸಬೇಕು, ಆದರೆ ಅದು ತಿನ್ನದ ಹಾಗೆ ನೋಡಿಕೊಳ್ಳಬೇಕು. ತೀರ್ಮಾನ ಕೇಳಿ ಎಲ್ಲರೂ ತಲೆದೂಗಿದರು. ಅಂಗಳ ಕೊಡುವವರು ಯಾರೆಂದಾಗ ಎಲ್ಲರಿಗೂ ಮನೆಯಲ್ಲಿ ಒಲೆಯ ಮೇಲೆ ಏನೋ ಇಟ್ಟು ಬಂದದ್ದು ನೆನಪಾಯಿತು.

ನಾನು ಎದ್ದುನಿಂತೆ. ಊರಿನ ಮಾನ ಉಳಿಸಲು ಈ ಈರಪಾಕ್ಷಿಯೊಬ್ಬ ಸಾಕು ಎಂದು ದೊಡ್ಡ ದನಿಯಲ್ಲಿ ಹೇಳಿದೆ. ಚಪ್ಪಾಳೆಯಾಯಿತು. ನನ್ನ ತಲೆಯಲ್ಲಿ ಆಗಲೇ ಲೆಕ್ಕ ಮುಗಿದಿತ್ತು: ನನ್ನ ಮನೆಗೂ ಗುರಸಿದ್ದವ್ವನ ಮನೆಗೂ ನಡುವಿನ ಹೆಣಿಗೆಯ ಉದ್ದಕ್ಕೂ ಹುಳಗಳನ್ನು ಕೂರಿಸುವುದು, ಅವು ಅದನ್ನು ತಿಂದು ತುಂಡರಿಸುವುದು, ಮೊದಲ ಗಾಳಿಗೆ ಅವಳು ಹೋಗುವುದು. ನಾನು ಬಿಚ್ಚಿದಂತಾಗಲಿಲ್ಲ, ಕತ್ತರಿಸಿದಂತಾಗಲಿಲ್ಲ. ಅತಿಥಿಗಳು ಉಂಡರು, ಅಷ್ಟೇ.

ಡಾಕ್ಟರಬಾಯಿ ಬಾಳಗೌಡರ ಮನೆಯಲ್ಲಿ ಬಿಡಾರ ಮಾಡಿ ದಿನವೂ ಸಂಜೆ ನನ್ನ ಕಟ್ಟೆಗೆ ಬರುತ್ತಿದ್ದರು. ಹುಳಗಳ ವಿಷಯ ವಿವರವಾಗಿ ಹೇಳುತ್ತಿದ್ದರು. ಪುಣ್ಯಾತ್ಗಿತ್ತಿ, ತಾವು ಮಾತನಾಡುವಾಗ ಕೇಳುಗರ ಮುಖ ನೋಡುತ್ತಿರಲಿಲ್ಲ, ಪೆಟ್ಟಿಗೆಯನ್ನೇ ನೋಡುತ್ತಿದ್ದರು. ನನಗೂ ಅಷ್ಟೇ ಬೇಕಾಗಿತ್ತು. ಎಷ್ಟೋ ಕಾಲದ ಮೇಲೆ ಹೊಸ ಕಿವಿಯೊಂದು ಸಿಕ್ಕಿತ್ತು, ನಾನು ನನ್ನ ಬಾಳೆಮೀನು ಬಿಡಿಸುತ್ತಿದ್ದೆ. ಅವರು ಮೊಟ್ಟೆ, ಮರಿ, ದಂಟಿನ ಸುರಂಗ ಎನ್ನುವಾಗ ನಾನು ಕಿವಿರು, ರೆಕ್ಕೆ, ಬಾಲ ಎನ್ನುತ್ತಿದ್ದೆ. ಇಬ್ಬರೂ ಬಹಳ ತೃಪ್ತಿಯಿಂದ ಹರಟುತ್ತಿದ್ದೆವು. ಹೆಣಿಗೆಯ ಆಚೆ ಕಡೆ ಗುರಸಿದ್ದವ್ವ ಮೀನು ಹರವುತ್ತ ಕೂತಿರುತ್ತಿದ್ದಳು. ಕೇಳಿಸಿಕೊಂಡವಳು ಅವಳೊಬ್ಬಳೇ.

ಹುಳಗಳನ್ನು ಹೆಣಿಗೆಯ ಮೇಲೆ ಸಾಲಾಗಿ ಇಡುವಾಗ ಅವಳು ಕೈಯಲ್ಲಿದ್ದ ಮೀನು ಕೆಳಗಿಟ್ಟಳು.

“ಅಲ್ಲೇ ಇಡ್ತೀಯೇನೋ?”

“ಹೂಂ ಯಕ್ಕಾ. ಇಲ್ಲಿ ನೆಳ್ಳ ಚಲೋ ಐತಿ.”

ಅವಳು ನನ್ನನ್ನು ನೋಡಿದಳು, ಹೆಣಿಗೆಯನ್ನು ನೋಡಿದಳು. ತಿದ್ದಲು ಬಾಯಿ ತೆರೆದಂತಿತ್ತು. ಮತ್ತೆ ಮೀನು ಎತ್ತಿಕೊಂಡಳು. ಗುರಸಿದ್ದವ್ವ ಬಾಯಿ ತೆರೆದು ಸುಮ್ಮನೆ ಮುಚ್ಚಿದ್ದನ್ನು ನಾನು ನೋಡಿದ್ದು ಅದೇ ಮೊದಲು. ನನ್ನ ಜಾಣತನಕ್ಕೆ ಅವಳೂ ಮಣಿದಳು ಎಂದುಕೊಂಡೆ.

ಮಳೆಗಾಲ ಬಂದು ಹೋಯಿತು. ಎರಡೂ ಮನೆಗಳ ಸುತ್ತಲ ಅಂತರಗಂಗೆಯ ಎಲೆಗಳ ಮೇಲೆ ಉಗುರಿನಿಂದ ಕೆರೆದಂಥ ಗುರುತುಗಳು ಕಾಣಿಸಿದವು. ಆಮೇಲೆ ದಂಟುಗಳು ಕಂದಿದವು, ನೀರು ಕುಡಿದು ಭಾರವಾಗಿ ಒಂದೊಂದಾಗಿ ಒಳಗೆ ಜಾರಿದವು. ಹೂ ಬಿಡುವುದು ನಿಂತಿತು. ಕಂದು ಬಣ್ಣದ ಒಂದು ಉಂಗುರ ನಮ್ಮ ಎರಡು ಮನೆಗಳನ್ನು ಸುತ್ತುವರಿಯಿತು. ನಾನು ದಿನವೂ ಹೆಣಿಗೆಯನ್ನು ಮುಟ್ಟಿ ನೋಡುತ್ತಿದ್ದೆ. ಅದು ನಿನ್ನೆ ಹೆಣೆದಷ್ಟು ಗಟ್ಟಿಯಾಗಿತ್ತು. ಹುಳಗಳು ಒಳಗಿನಿಂದ ತಿನ್ನುತ್ತಿರಬೇಕು, ಹೊರಗೆ ಕಾಣದು, ಜೋಳದ ಕಾಳಿನಂತೆಯೇ, ಎಂದು ನನಗೆ ನಾನೇ ವಿಜ್ಞಾನ ಹೇಳಿಕೊಂಡೆ. ಬೀಳ್ಕೊಡಲು ಬೇಕಾಗುತ್ತದೆಂದು ಗುರಸಿದ್ದವ್ವನ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಯೋಚಿಸಿಟ್ಟುಕೊಂಡಿದ್ದೆ: ‘ಯಕ್ಕನ ಒಣಮೀನು ಕೆರೆಗೆಲ್ಲ ಹೆಸರಾದದ್ದು.’ ಸ್ವಲ್ಪ ಉಬ್ಬಿಸಿದ್ದೆ, ಇಲ್ಲದಿದ್ದರೆ ನನ್ನ ಮಾತೆಂದು ಯಾರು ನಂಬುತ್ತಾರೆ?

ಒಂದು ಬೆಳಿಗ್ಗೆ ಮೂಡಣ ಗಾಳಿ ಬಂತು. ಹಳೆಯ ಕಂಬಳಿ ಹರಿದಂಥ ಸದ್ದು. ನಾನು ಹಾಸಿಗೆಯಿಂದ ಜಿಗಿದು, ತಲೆಗೆ ರುಮಾಲು ಸುತ್ತಿಕೊಂಡು, ಮುಖದಲ್ಲಿ ತಕ್ಕ ದುಃಖ ತಂದುಕೊಂಡು, ಬೀಳ್ಕೊಡಲು ಕೈ ಎತ್ತಿ ಹೊರಗೆ ಬಂದೆ.

ಊರು ಹೊರಟಿತ್ತು. ಊರೆಂದರೆ ಇಡೀ ಊರು: ಗರಡಿಮನೆ, ಗಿರಣಿ, ಬಾಳಗೌಡರ ಮಾಳಿಗೆ, ಎಮ್ಮೆಗಳು. ನಡುವೆ ಬಿಸಿಲಿಗೆ ಹೊಳೆಯುವ ನೀರು, ಎಷ್ಟೋ ವರ್ಷಗಳಿಂದ ಯಾರೂ ಕಂಡಿರದ ನೀರು, ಅಗಲವಾಗುತ್ತಲೇ ಹೋಗುತ್ತಿತ್ತು. ನನ್ನ ಪಕ್ಕದಲ್ಲಿ, ಮೊದಲಿದ್ದಷ್ಟೇ ದೂರದಲ್ಲಿ, ಗುರಸಿದ್ದವ್ವ ಬೇವಿನಕಡ್ಡಿಯಿಂದ ಹಲ್ಲುಜ್ಜುತ್ತ ನಿಂತಿದ್ದಳು.

ಆಚೆ ದಂಡೆಯಂತಾಗಿದ್ದ ಊರಿನ ಅಂಚಿನಲ್ಲಿ ಡಾಕ್ಟರಬಾಯಿ ಸಂತೋಷದಿಂದ ಕುಣಿಯುತ್ತಿದ್ದರು. ಹಾಸು ತೆಳ್ಳಗಾಗಿದೆ, ಕುಣಿಯಬೇಡಿರೆಂದು ಬಾಳಗೌಡರು ಅವರ ಸೆರಗು ಹಿಡಿದು ಬೇಡುತ್ತಿದ್ದರು. ಸಂದು ಬಿಟ್ಟದ್ದೇ ತಡ, ಮಿಕ್ಕ ಮನೆಗಳೂ ಒಂದೊಂದಾಗಿ ಅಲುಗಿ, ಮೈ ಮುರಿದು, ಹೊರಡತೊಡಗಿದವು. ನೆರೆಯವರ ಕೆಮ್ಮಿನಿಂದ ಬಿಡುಗಡೆಯಾದವರು ಎಲ್ಲೆಡೆ ಒಳ್ಳೆಯ ಮಾತು ಹೇಳಿ ಹೆಣಿಗೆ ಬಿಚ್ಚುತ್ತಿದ್ದರು. ಮಧ್ಯಾಹ್ನದ ಹೊತ್ತಿಗೆ ಹುಳ ಬಿಡಿಸಿದ್ದು ತಮ್ಮದೇ ಯೋಚನೆ, ಸಭೆಯಲ್ಲಿ ಬೇಡವೆಂದದ್ದು ಬರೀ ಊರಿನ ಮನಸ್ಸು ನೋಡಲಿಕ್ಕೆ ಎಂದು ಬಾಳಗೌಡರು ಹೇಳುತ್ತಿರುವುದು ಗಾಳಿಯಲ್ಲಿ ಕೇಳಿಬಂತು. ಸುಳ್ಳಿನಲ್ಲಿ ನನಗೊಬ್ಬ ಸಮಾನ ಊರಲ್ಲಿದ್ದಾನೆಂದು ಅಂದೇ ಗೊತ್ತಾದದ್ದು.

ನಾನು ಕೈಗಳನ್ನು ಬಾಯಿಗಿಟ್ಟುಕೊಂಡು ಡಾಕ್ಟರಬಾಯಿಯನ್ನು ಕೂಗಿ ಕೇಳಿದೆ, ನಿಮ್ಮ ಹುಳಗಳು ಹೆಣಿಗೆ ಯಾಕೆ ತಿನ್ನಲಿಲ್ಲ ಎಂದು. ಅವರು ನೀರಿನ ಆಚೆಯಿಂದ ತಾಳ್ಮೆಯಿಂದ ಕೂಗಿದರು:

“ಅವು ಹಸಿರು ಮಾತ್ರ ತಿನ್ನುತ್ತವೆ ಈರಪಾಕ್ಷಿಯವರೇ. ಒಣಗಿದ್ದನ್ನು ಮೂಸುವುದೂ ಇಲ್ಲ. ನಾನು ದಿನಾ ಹೇಳುತ್ತಿದ್ದೆನಲ್ಲ.”

“ಹೇಳ್ಯಾರ” ಎಂದಳು ಗುರಸಿದ್ದವ್ವ, ಬಾಯಿ ಮುಕ್ಕಳಿಸಿ. “ನೀ ಮೀನಿನ ಬಾಲದ ಹತ್ತಿರ ಇದ್ದಿ.”

ಹುಟ್ಟಿದಂದಿನಿಂದ ಒಣದಂಟು ಹೆಣೆಯುತ್ತ ಬಂದವನು ನಾನು. ನನ್ನ ಮನೆಯ ಮೂಲೆಯಲ್ಲಿ ಒಣದಂಟಿನ ರಾಶಿಯೇ ಇದೆ, ಪೆಟ್ಟಿಗೆಯ ಪಕ್ಕದಲ್ಲೇ ಇತ್ತು, ಒಂದು ಹುಳವೂ ಅದನ್ನು ಹತ್ತಿರಲಿಲ್ಲ. ಹೆಣಿಗೆಯ ಮೇಲೆ ಇಟ್ಟವು ಇಟ್ಟ ಕ್ಷಣವೇ ಇಳಿದು ಸುತ್ತಲ ಹಸಿರಿಗೆ ಹೋಗಿ, ಎರಡು ಮನೆಗಳನ್ನೂ ಒಟ್ಟಿಗೆ ಊರಿನಿಂದ ಕೊರೆದು ತೆಗೆದಿದ್ದವು. ನಮ್ಮ ಮನೆಗಳ ಕೆಳಗೆ ನಾನೇ ಹಾಸಿದ್ದ ಒಣದಂಟಿನ ದಪ್ಪ ಹಾಸು ಇತ್ತು, ಅದು ತೇಲಿಸಿತು. ನಡುವಿನ ಹೆಣಿಗೆ ಹಿಡಿದುಕೊಂಡಿತು. ಹುಳಗಳು ಹಸಿರನ್ನು ಹುಡುಕಿಕೊಂಡು ಊರಿನ ಕಡೆ ಹೋದವು. ನನ್ನ ಕಡೆ ಉಳಿದದ್ದು ಒಂದೇ ಜೀವ.

“ಯಕ್ಕಾ, ನಿನಗ ಗೊತ್ತಿತ್ತಲ್ಲ. ಅವತ್ತ ಯಾಕ ತಿದ್ದಲಿಲ್ಲ? ಆನಿ ಅಂದ್ರ ಎಮ್ಮಿ ಅಂತಿ. ಇದೊಂದ ಬಿಟ್ಟಿ.”

“ನೀ ಸುಳ್ಳ ಹೇಳ್ಲಿಲ್ಲಲ್ಲೋ. ನೆಳ್ಳ ಐತಿ ಅಂದಿ. ನೆಳ್ಳ ಇತ್ತು.”

ಈಗ ಬಿಚ್ಚೋಣ ಎಂದೆ. ಗಾಳಿಯಿದೆ, ಜಾಗವಿದೆ, ನನ್ನ ಒಳ್ಳೆಯ ಮಾತೂ ಸಿದ್ಧವಿದೆ. ನನ್ನ ತುದಿಗೆ ಕೂತು ಒಣಮೀನಿನ ಹೊಗಳಿಕೆಯನ್ನು ಸ್ವಲ್ಪವೂ ತಡವರಿಸದೆ ಒಪ್ಪಿಸಿದೆ. ಅವಳು ತನ್ನ ತುದಿಗೆ ಬಂದು ಕೂತಳು. ಮೊಣಕಾಲಿನ ಮೇಲೆ ಗದ್ದವಿಟ್ಟು ನನ್ನನ್ನು ತುಂಬ ಹೊತ್ತು ನೋಡಿದಳು, ಸಂತೆಯಲ್ಲಿ ಮೀನು ನೋಡುವವರ ಹಾಗೆ, ಕಿವಿರಿನ ಕಡೆಯಿಂದ. ನಾನು ಸಹಾಯ ಮಾಡಲೆಂದು ನನ್ನ ಒಳ್ಳೆಯ ಗುಣಗಳನ್ನು ಒಂದೊಂದಾಗಿ ನೆನಪಿಸಿದೆ. ಧೈರ್ಯ ಎಂದೆ. ತಲೆಯಾಡಿಸಿದಳು. ದಾನಬುದ್ಧಿ ಎಂದೆ. ನಕ್ಕಳು. ಕೊನೆಗೆ ಹೆಣಿಗೆಯ ಮೇಲೆ ಅಂಗೈ ಬಡಿದು ಹೇಳಿದಳು:

“ಆನಿ ಎಳದ್ರೂ ಬಿಡಾಂಗಿಲ್ಲ ಅಂತಿದ್ದೆಲ್ಲ. ಇಡೀ ಊರ ಎಳೀತು, ಬಿಡಲಿಲ್ಲ ನೋಡು. ಹುಟ್ಟಿ ಒಂದು ಖರೇ ಮಾತು ಆಡಿದ್ದಿ.”

“ಸಾಕು ಯಕ್ಕಾ. ಅದ ಒಳ್ಳೆ ಮಾತು. ಬಿಚ್ಚು.”

“ಅದು ಹೆಣಿಗಿ ಬಗ್ಗೆ ಹೇಳಿದ್ದು. ನಿನ್ನ ಬಗ್ಗೆ ಇನ್ನೂ ಹುಡುಕಾಕತ್ತೀನಿ.”

ಅಂದಿನಿಂದ ಹುಡುಕುತ್ತಿದ್ದಾಳೆ. ನಮ್ಮ ಎರಡು ಮನೆಗಳು ಮಾತ್ರ ಜೋಡೆತ್ತಿನಂತೆ ಕೆರೆಯ ಮೇಲೆ ಅಲೆಯುತ್ತವೆ. ಹೊಸ ದಂಡೆ ಬಂದಾಗಲೆಲ್ಲ ನಾನು ಗಂಟಲು ಸರಿಮಾಡಿಕೊಂಡು ಕಟ್ಟೆಯ ಮೇಲೆ ನಿಲ್ಲುತ್ತೇನೆ. ಬಾಳೆಮೀನಿನ ಕಥೆ ಹಿಂದೆ ಬಿದ್ದಿದೆ. ಈಗ ಒಂದು ಕೋಟಿ ಮೂತಿಹುಳಗಳನ್ನು ನಾನೊಬ್ಬನೇ ಪಳಗಿಸಿ, ಸಾಲುಗಟ್ಟಿಸಿ, ಕೆರೆ ಬಿಡಿಸಿದ ಕಥೆ ಹೇಳುತ್ತೇನೆ. ಜನ ಬರುತ್ತಾರೆ. ನಿಜ ಹೇಳುತ್ತೇನೆ, ಅವರು ಮೊದಲು ನನ್ನ ಕಡೆ ನೋಡುತ್ತಾರೆ, ಆಮೇಲೆ ನಗಲು ತಯಾರಾಗಿ ಹೆಣಿಗೆಯ ಆಚೆಗೆ ನೋಡುತ್ತಾರೆ.

ಇವತ್ತು ಮತ್ತೊಂದು ದಂಡೆ ಹತ್ತಿರವಾಗುತ್ತಿದೆ. ಅಲ್ಲಿರುವವರಲ್ಲಿ ಒಂದು ಮುಖವೂ ಪರಿಚಯದ್ದಲ್ಲ. ಯಕ್ಕಾ, ಈಗಲಾದರೂ ಸಿಕ್ಕಿತೇ ಎಂದು ಕೇಳಿದೆ. ಬಹಳ ಯೋಚನೆ ಮಾಡಿದೆ, ಸಿಗುತ್ತಿಲ್ಲ ಎಂದಳು. ಹಾಗೆನ್ನುವಾಗ ಹೆಣಿಗೆಯಲ್ಲಿ ಸಡಿಲವಾಗಿ ಹೊರಬಂದಿದ್ದ ಒಂದು ದಂಟನ್ನು ಒಳಗೆ ತುರುಕಿ, ಹೆಬ್ಬೆರಳಿನಿಂದ ಒತ್ತಿ, ಬಿಗಿಮಾಡಿದಳು. ನಾನು ಅದನ್ನು ನೋಡಲಿಲ್ಲ. ನಾನು ದಂಡೆಯ ಕಡೆ ತಿರುಗಿ, ಎರಡು ಕೈ ಅಗಲಿಸಿ, ಒಂದು ಕೋಟಿ ಹುಳ ಎಂದು ಆರಂಭಿಸಿದೆ.

“ಒಂದು ಪೆಟ್ಟಿಗಿ” ಎಂದಳು ಗುರಸಿದ್ದವ್ವ.